ಸಾಂಡರ್ಸ್ ಯಾರು, ಚನನ್ ಸಿಂಗ್ ಯಾರು?

ಪುಟದಂಚು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ.

ಮಾರ್ಚ್ 23ರಂದು ನಮ್ಮ ಓದುಗರ ಬಳಗದಲ್ಲಿ ಭಗತ್ ಸಿಂಗ್ ಕುರಿತು ಅರ್ಧ ಗಂಟೆ ಮಾತನಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಅದಕ್ಕಾಗಿ ಮನೆಯಲ್ಲಿದ್ದ ನಾಲ್ಕಾರು ಪುಸ್ತಕಗಳನ್ನು ಹರಡಿಕೊಂಡು ಕುಳಿತಾಗ, ಶಾಲೆಯ ದಿನಗಳಿಂದಲೂ ಓದಿಕೊಂಡೇ ಬಂದಿದ್ದರೂ ಒಮ್ಮೆಯೂ ನಿಂತು ಯೋಚಿಸದೆ ದಾಟಿಬಿಟ್ಟಿದ್ದ ಒಂದು ಸಂಗತಿ ಈ ಸಲ ತಡೆದು ನಿಲ್ಲಿಸಿತು. ಲಾಲಾ ಲಜಪತ ರಾಯ್ ಅವರ ಸಾವಿಗೆ ಪ್ರತೀಕಾರವಾಗಿ ಲಾಹೋರಿನಲ್ಲಿ ಸಾಂಡರ್ಸ್ ಎಂಬ ಪೊಲೀಸ್ ಅಧಿಕಾರಿಯನ್ನು ಕೊಲ್ಲಲಾಯಿತು ಎಂಬಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಒಂದು ಪುಸ್ತಕ ಲಾಠಿ ಬೀಸಿದವನೇ ಸಾಂಡರ್ಸ್ ಎನ್ನುತ್ತದೆ. ಇನ್ನೊಂದು ಲಾಠಿ ಪ್ರಹಾರಕ್ಕೆ ಆಜ್ಞೆ ಕೊಟ್ಟವನು ಸ್ಕಾಟ್, ಅವನೆಂದು ತಿಳಿದು ಸಾಂಡರ್ಸ್‌ನನ್ನು ಕೊಂದರು ಎನ್ನುತ್ತದೆ. ಮೂರನೆಯದು ಈ ಗೊಂದಲದ ಗೋಜಿಗೇ ಹೋಗದೆ ಮುಂದಿನ ಪುಟಕ್ಕೆ ಸಾಗುತ್ತದೆ.

ನನ್ನ ಪ್ರಶ್ನೆಗಳು ಇವು. ಸಾಂಡರ್ಸ್ ಎಂಬಾತ ಇಲಾಖೆಯಲ್ಲಿ ಎಷ್ಟು ದೊಡ್ಡ ಅಧಿಕಾರಿ? ಲಜಪತ ರಾಯ್ ಅವರ ಮೇಲೆ ಬಿದ್ದ ಏಟುಗಳಿಗೂ ಆತನಿಗೂ ನೇರ ಸಂಬಂಧವಿತ್ತೆ? ಅದೇ ದಿನ ಚನನ್ ಸಿಂಗ್ ಎಂಬ ಮತ್ತೊಬ್ಬ ಪೊಲೀಸನೂ ಸತ್ತನೆಂದು ಒಂದು ಅಡಿಟಿಪ್ಪಣಿಯಲ್ಲಿದೆ; ಆತನ ಕಥೆಯೇನು?

ಜೊತೆಗೊಂದು ಸಣ್ಣ ಗೊಂದಲವೂ ಇದೆ. ಈ ಪುಸ್ತಕಗಳಲ್ಲಿ ಲಜಪತ ರಾಯ್ ‘ಅವರು’ ಆಗಿದ್ದಾರೆ, ಭಗತ್ ಸಿಂಗ್ ‘ಅವನು’ ಆಗಿದ್ದಾನೆ, ಸಾಂಡರ್ಸ್ ಕೂಡ ‘ಅವನು’. ಒಂದೇ ಏಕವಚನವಾದರೂ ಒಂದರಲ್ಲಿ ಮನೆಮಗನನ್ನು ಕರೆಯುವ ಸಲಿಗೆಯಿದೆ, ಇನ್ನೊಂದರಲ್ಲಿ ತಿರಸ್ಕಾರವಿದೆ ಎಂಬುದು ಕನ್ನಡ ಬಲ್ಲ ಯಾರಿಗೂ ಗೊತ್ತಾಗುತ್ತದೆ. ಮಾತನಾಡುವಾಗ ಯಾವುದನ್ನು ಬಳಸಲಿ ಎಂದು ತೋಚುತ್ತಿಲ್ಲ.


ಹಳೆಕಡತ:

ಒಳ್ಳೆಯ ಪ್ರಶ್ನೆ. ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ಹುದ್ದೆಯ ಹೆಸರನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಜಾನ್ ಪಾಯಂಟ್ಜ್ ಸಾಂಡರ್ಸ್ ಲಾಹೋರಿನಲ್ಲಿ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್, ಅಂದರೆ ಎ.ಎಸ್.ಪಿ. ಆಗಿದ್ದರು. ಸಾಯುವಾಗ ಅವರ ವಯಸ್ಸು 21. ಇನ್ನೂ ಪ್ರೊಬೇಷನ್ ಅವಧಿಯೇ ಮುಗಿದಿರಲಿಲ್ಲ. ಜೇಮ್ಸ್ ಎ. ಸ್ಕಾಟ್ ಅದೇ ಜಿಲ್ಲೆಯ ಸೂಪರಿಂಟೆಂಡೆಂಟ್, ಎಂದರೆ ಸಾಂಡರ್ಸ್ ಅವರ ಮೇಲಧಿಕಾರಿ. ನಮ್ಮ ಪುಸ್ತಕಗಳು ಇಬ್ಬರನ್ನೂ ‘ಪೊಲೀಸ್ ಅಧಿಕಾರಿ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುವುದರಿಂದ, ನಗರದ ಬಂದೋಬಸ್ತಿನ ಹೊಣೆ ಹೊತ್ತವನು ಯಾರು, ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದವನು ಯಾರು ಎಂಬ ವ್ಯತ್ಯಾಸ ಓದುಗನಿಗೆ ಕಾಣದೇ ಹೋಗುತ್ತದೆ.

ಇಷ್ಟು ಎಳೆಯ ವಯಸ್ಸಿನವನಿಗೆ ಅಂಥ ಹುದ್ದೆ ಹೇಗೆ ಸಿಕ್ಕಿತು ಎಂದು ನೀವು ಕೇಳಬಹುದು. ಆ ಕಾಲದ ವ್ಯವಸ್ಥೆಯೇ ಹಾಗಿತ್ತು. 1893ರಿಂದ ಭಾರತದ ಪೊಲೀಸ್ ಸೇವೆಯ ಮೇಲಿನ ಹುದ್ದೆಗಳಿಗೆ ಲಂಡನ್ನಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ನಡೆಯುತ್ತಿತ್ತು. ಇಪ್ಪತ್ತರ ಆಸುಪಾಸಿನ ಬ್ರಿಟಿಷ್ ಹುಡುಗರು ಅದರಲ್ಲಿ ತೇರ್ಗಡೆಯಾಗಿ ಹಡಗು ಹತ್ತಿ ಬರುತ್ತಿದ್ದರು. ಪಂಜಾಬಿಗೆ ನೇಮಕವಾದ ಎ.ಎಸ್.ಪಿ.ಗಳಿಗೆ ಸಟ್ಲೆಜ್ ದಂಡೆಯ ಫಿಲ್ಲೌರ್ ಕೋಟೆಯಲ್ಲಿದ್ದ ಪೊಲೀಸ್ ತರಬೇತಿ ಶಾಲೆಯಲ್ಲಿ ಕವಾಯತು, ಕಾನೂನು, ಭಾಷೆಗಳ ಪಾಠ ಆಗುತ್ತಿತ್ತು. ಅದಾದ ಮೇಲೆ ಒಂದು ಜಿಲ್ಲೆಗೆ ಕಳುಹಿಸಿ ಹಿರಿಯ ಅಧಿಕಾರಿಯ ಬಳಿ ಕೆಲಸ ಕಲಿಸುತ್ತಿದ್ದರು. ಮೂವತ್ತು ವರ್ಷ ಠಾಣೆಯಲ್ಲಿ ಸವೆದ ಭಾರತೀಯ ಇನ್‌ಸ್ಪೆಕ್ಟರ್ ಕೂಡ ಈ ಮೀಸೆ ಮೂಡದ ಹುಡುಗನಿಗೆ ಸೆಲ್ಯೂಟ್ ಹೊಡೆಯಬೇಕಿತ್ತು. ಈ ಏಣಿಯ ಅನ್ಯಾಯವನ್ನು ಮರೆತು ಸಾಂಡರ್ಸ್ ಅವರ ಎಳೆತನವನ್ನಷ್ಟೇ ನೋಡುವುದೂ ತಪ್ಪು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನು ಲಾಠಿ ಪ್ರಹಾರದ ವಿಷಯ. 1928ರ ಅಕ್ಟೋಬರ್ 30ರಂದು ಸೈಮನ್ ಆಯೋಗ ಲಾಹೋರಿಗೆ ಬಂದಿತು. ಏಳೂ ಸದಸ್ಯರು ಬ್ರಿಟಿಷ್ ಸಂಸತ್ತಿನವರು, ಒಬ್ಬನೇ ಒಬ್ಬ ಭಾರತೀಯನಿಗೂ ಅದರಲ್ಲಿ ಜಾಗವಿರಲಿಲ್ಲ. ರೈಲು ನಿಲ್ದಾಣದ ಎದುರು ಕಪ್ಪು ಬಾವುಟ ಹಿಡಿದು ನಿಂತ ಜನರ ಮುಂದಾಳಾಗಿ 63 ವರ್ಷದ ಲಜಪತ ರಾಯ್ ಇದ್ದರು. ಮದನ ಮೋಹನ ಮಾಳವೀಯರೂ ಜೊತೆಗಿದ್ದರು. ಲಾಠಿ ಬೀಸಲು ಆಜ್ಞೆ ಕೊಟ್ಟವರು ಸ್ಕಾಟ್. ಎದೆಗೆ, ಹೆಗಲಿಗೆ ಏಟು ತಿಂದ ಲಜಪತ ರಾಯ್ ಅದೇ ಸಂಜೆಯ ಸಭೆಯಲ್ಲಿ, ತಮ್ಮ ಮೇಲೆ ಬಿದ್ದ ಒಂದೊಂದು ಪೆಟ್ಟೂ ಬ್ರಿಟಿಷ್ ಆಳ್ವಿಕೆಯ ಶವಪೆಟ್ಟಿಗೆಗೆ ಹೊಡೆದ ಮೊಳೆಯೆಂಬ ಅರ್ಥದ ಮಾತನಾಡಿದರು. ನವೆಂಬರ್ 17ರಂದು ಅವರು ತೀರಿಕೊಂಡರು. ಏಟಿನಿಂದಲೇ ಸಾವು ಬಂತೆಂದು ದೇಶ ನಂಬಿತು. ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆ ಎದ್ದಾಗ ಸರ್ಕಾರ ಅದನ್ನು ಒಪ್ಪಲಿಲ್ಲ.

ಅಂದು ಸಾಂಡರ್ಸ್ ಕೂಡ ಲಾಠಿ ಹಿಡಿದು ಮುನ್ನುಗ್ಗಿದ್ದರೆಂದು ಹೇಳುವ ನಿರೂಪಣೆಗಳಿವೆ. ನಿಮ್ಮ ಮೊದಲ ಪುಸ್ತಕ ಅವುಗಳನ್ನು ಅನುಸರಿಸಿರಬೇಕು. ನನ್ನ ತರ್ಕ ಸರಳವಾದುದು: ಆ ನಿರೂಪಣೆಗಳು ನಿಜವೇ ಆಗಿದ್ದರೂ ಕ್ರಾಂತಿಕಾರಿಗಳು ಸಭೆ ಸೇರಿ ಗುರಿಯೆಂದು ಆರಿಸಿಕೊಂಡ ಹೆಸರು ಸ್ಕಾಟನದು. ಏಟಿನ ಹೊಣೆಗಾರ ಯಾರೆಂದು ಅವರಿಗೆ ಅನುಮಾನವಿರಲಿಲ್ಲ. ಸಾಂಡರ್ಸ್ ಮುಖ್ಯ ಅಪರಾಧಿ ಎಂಬ ಮಾತಿಗೆ ತೂಕ ಬಂದದ್ದು ಅವರು ಸತ್ತ ಮೇಲೆ.

ಈಗ ಡಿಸೆಂಬರ್ 17. ಲಜಪತ ರಾಯ್ ತೀರಿಕೊಂಡು ಸರಿಯಾಗಿ ಒಂದು ತಿಂಗಳು. ಜಿಲ್ಲಾ ಪೊಲೀಸ್ ಕಚೇರಿಯ ಎದುರಿಗೇ ಡಿ.ಎ.ವಿ. ಕಾಲೇಜು. ಸಾಹೇಬನನ್ನು ಗುರುತಿಸಿ ಸನ್ನೆ ಮಾಡುವ ಕೆಲಸ ಜೈಗೋಪಾಲನದು; ಆತ ಕೆಟ್ಟುಹೋದ ಸೈಕಲ್ಲನ್ನು ರಿಪೇರಿ ಮಾಡುವವನಂತೆ ನಟಿಸುತ್ತ ನಿಂತಿದ್ದ. ಭಗತ್ ಸಿಂಗ್, ರಾಜಗುರು ಅಲ್ಲೇ ಹತ್ತಿರದಲ್ಲಿದ್ದರು. ಚಂದ್ರಶೇಖರ ಆಜಾದ್ ಕಾಲೇಜಿನ ಕಡೆ ನಿಂತಿದ್ದರು, ಹಿಂದಿನಿಂದ ಯಾರಾದರೂ ಅಟ್ಟಿಸಿಕೊಂಡು ಬಂದರೆ ತಡೆಯುವುದು ಅವರ ಪಾಲಿನ ಕೆಲಸ. ಸ್ಕಾಟ್ ಅಂದು ಅವರ ಕಣ್ಣಿಗೆ ಬೀಳಲೇ ಇಲ್ಲ. ಸಂಜೆ ನಾಲ್ಕು ಗಂಟೆ ದಾಟಿದ ಹೊತ್ತಿಗೆ ಬಾಗಿಲಿನಿಂದ ಹೊರಬಂದು ಮೋಟಾರ್ ಸೈಕಲ್ ಏರಿದವರು ಸಾಂಡರ್ಸ್. ಜೈಗೋಪಾಲನ ಸನ್ನೆಯಾಯಿತು. ರಾಜಗುರುವಿನ ಒಂದೇ ಗುಂಡಿಗೆ ಸಾಂಡರ್ಸ್ ನೆಲಕ್ಕುರುಳಿದರು. ಬಿದ್ದವರ ಮೇಲೆ ಭಗತ್ ಸಿಂಗ್ ಹತ್ತಿರದಿಂದ ಮತ್ತೆ ಮತ್ತೆ ಗುಂಡು ಹಾರಿಸಿದರು. ಮರಣೋತ್ತರ ಪರೀಕ್ಷೆಯಲ್ಲಿ ಎಂಟು ಗಾಯಗಳು ಕಂಡವು. ಸದ್ದು ಕೇಳಿ ಓಡಿಬಂದ ಟ್ರಾಫಿಕ್ ಇನ್‌ಸ್ಪೆಕ್ಟರ್ ಫರ್ನ್ ಮೇಲೂ ಗುಂಡು ಹಾರಿತು, ಅವರು ಬದುಕಿ ಉಳಿದರು.

ನಿಮ್ಮ ಏಕವಚನದ ಗೊಂದಲಕ್ಕೆ ನನ್ನ ಉತ್ತರ ಮೇಲಿನ ಬರಹದಲ್ಲೇ ಇದೆ. ಎಲ್ಲರಿಗೂ ಒಂದೇ ಅಳತೆಯ ಬಹುವಚನ ಬಳಸಲು ಪ್ರಯತ್ನಿಸಿದೆ. ಆದರೂ ಜೈಗೋಪಾಲನಿಗೆ ಬಂದಾಗ ಕೈ ತಾನಾಗಿ ‘ಆತ’ ಎಂದು ಬರೆದುಬಿಟ್ಟಿತು. ಮುಂದೆ ಆತ ಮಾಫಿ ಸಾಕ್ಷಿಯಾದ ಎಂಬುದು ನನಗೆ ಮೊದಲೇ ಗೊತ್ತಿದ್ದುದರ ಫಲವಿರಬೇಕು.


ದಫೇದಾರರ ಮೊಮ್ಮಗ:

ಹಳೆಕಡತ ಅವರು ಚನನ್ ಸಿಂಗ್ ಅವರನ್ನು ಬಿಟ್ಟುಬಿಟ್ಟಿದ್ದಾರೆ. ಎಲ್ಲರೂ ಬಿಡುತ್ತಾರೆ. ಆದ್ದರಿಂದ ಅದನ್ನು ನಾನು ಬರೆಯುತ್ತೇನೆ.

ಚನನ್ ಸಿಂಗ್ ಹೆಡ್ ಕಾನ್‌ಸ್ಟೇಬಲ್. ನಮ್ಮ ಕಡೆ ಹಳಬರು ದಫೇದಾರ ಎನ್ನುತ್ತಿದ್ದರಲ್ಲ, ಅದೇ ದರ್ಜೆ. ನನ್ನ ತಾತನೂ ಅದೇ ದರ್ಜೆಯಲ್ಲಿ ನಿವೃತ್ತರಾದವರು, ಹಾಗಾಗಿ ಈ ಮನುಷ್ಯನ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು. ಗುಂಡಿನ ಸದ್ದು ಕೇಳಿದ ಮೇಲೆ ಕಚೇರಿಯ ಸುತ್ತ ಇದ್ದವರಲ್ಲಿ ಪಿಸ್ತೂಲು ಹಿಡಿದವರ ಬೆನ್ನು ಬಿಡದೆ ಕಾಲೇಜಿನ ಕಡೆಗೆ ಓಡಿದವರು ಅವರು. ನಿಲ್ಲೆಂದು ಆಜಾದ್ ಎಚ್ಚರಿಸಿದರೂ ನಿಲ್ಲಲಿಲ್ಲವೆಂದು ಕ್ರಾಂತಿಕಾರಿಗಳ ಕಡೆಯ ನೆನಪುಗಳು ಹೇಳುತ್ತವೆ. ಆಜಾದರ ಗುಂಡು ತಗುಲಿ ಚನನ್ ಸಿಂಗ್ ಸತ್ತರು.

ಇವರನ್ನು ಕೊಲ್ಲಬೇಕೆಂದು ಯಾರೂ ಸಭೆ ಸೇರಿ ನಿರ್ಧರಿಸಿರಲಿಲ್ಲ. ಲಜಪತ ರಾಯ್ ಅವರ ಮೇಲೆ ಕೈ ಮಾಡಿದವರೆಂಬ ಆರೋಪವೂ ಇವರ ಮೇಲಿರಲಿಲ್ಲ. ಮರುದಿನ ಲಾಹೋರಿನ ಗೋಡೆಗಳ ಮೇಲೆ ಕಾಣಿಸಿದ ಭಿತ್ತಿಪತ್ರದ ತಲೆಬರಹ ಸಾಂಡರ್ಸ್ ಸತ್ತನೆಂದೂ ಲಾಲಾಜಿಯ ಸಾವಿಗೆ ಸೇಡು ತೀರಿತೆಂದೂ ಸಾರಿತು. ಅದೇ ಬೀದಿಯಲ್ಲಿ, ಅದೇ ಕಾಲು ಗಂಟೆಯಲ್ಲಿ ಸತ್ತ ಪಂಜಾಬಿ ಪೇದೆಯ ಸಾವಿಗೆ ಸೇಡಿನ ಲೆಕ್ಕದಲ್ಲಿ ಯಾವ ಅರ್ಥವೂ ಇರಲಿಲ್ಲ. ಒಂದು ಕಡೆಗೆ ಅವರು ಸರ್ಕಾರದ ಆಳು, ಇನ್ನೊಂದು ಕಡೆಗೆ ಕರಿಯ ಚರ್ಮದ ಕೆಳ ನೌಕರ. ಇಬ್ಬರ ಇತಿಹಾಸದಲ್ಲೂ ಅವರು ಅಡಿಟಿಪ್ಪಣಿಗೆ ಇಳಿದರು.

ಇದು ಲಾಹೋರಿನ ಮಾತು ಮಾತ್ರವಲ್ಲ ಎಂದು ಒಂದೇ ಉದಾಹರಣೆ ಕೊಟ್ಟು ಮುಗಿಸುತ್ತೇನೆ. 1942ರ ಸೆಪ್ಟೆಂಬರ್ 28ರಂದು ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಇಬ್ಬರೂ ಸತ್ತರು. ಆ ಪ್ರಕರಣದಲ್ಲಿ ಗಲ್ಲಿಗೇರಿದ ಐವರು ಹುತಾತ್ಮರ ಹೆಸರುಗಳನ್ನು ನಮ್ಮ ಮಕ್ಕಳು ಬಾಯಿಪಾಠ ಹೇಳುತ್ತಾರೆ, ಹೇಳಲೇಬೇಕು. ಆದರೆ ಸತ್ತ ಆ ಇಬ್ಬರೂ ಕನ್ನಡದ ಮನೆಗಳಿಂದಲೇ ಬಂದವರು ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಪರದೇಶಿ ಆಳ್ವಿಕೆ ನಡೆಯುತ್ತಿದ್ದುದೇ ಇಂಥವರ ಸಂಬಳದ ಮೇಲೆ. 1861ರ ಪೊಲೀಸ್ ಕಾಯ್ದೆ ಕಟ್ಟಿದ ಇಲಾಖೆಯಲ್ಲಿ ಮೇಲಿನ ಬೆರಳೆಣಿಕೆಯ ಹುದ್ದೆಗಳು ಬಿಳಿಯರವು, ಕೆಳಗಿನ ದಂಡು ಪೂರ್ತಿ ನಮ್ಮದು. ಫ್ರೇಜರ್ ಆಯೋಗ 1902–03ರಲ್ಲಿ ಇಲಾಖೆಯನ್ನು ಪರಿಶೀಲಿಸಿದ ಮೇಲೆ ಭಾರತೀಯರಿಗೆ ಡಿ.ಎಸ್.ಪಿ. ಹುದ್ದೆಯವರೆಗೆ ದಾರಿ ತೆರೆಯಿತು; ಚನನ್ ಸಿಂಗ್ ಅವರಂಥವರಿಗೆ ಅದೂ ಕೈಗೆಟುಕುವ ಎತ್ತರವಲ್ಲ.

ನಿಮ್ಮ ಅರ್ಧ ಗಂಟೆಯಲ್ಲಿ ಅರ್ಧ ನಿಮಿಷವನ್ನು ಆ ಹೆಸರಿಗೆ ಕೊಡಿ ಎಂದಷ್ಟೇ ನನ್ನ ಕೋರಿಕೆ.


ಪುಟದಂಚು:

ಇಬ್ಬರಿಗೂ ಕೃತಜ್ಞತೆಗಳು. ಓದುತ್ತಿದ್ದಂತೆ ಇನ್ನೊಂದು ಅನುಮಾನ ಹುಟ್ಟಿತು. ಕೊಂದದ್ದು ಸ್ಕಾಟನನ್ನಲ್ಲ ಎಂದು ಗೊತ್ತಾದ ಮೇಲೆ ಕ್ರಾಂತಿಕಾರಿಗಳು ಆ ತಪ್ಪನ್ನು ಮರೆಮಾಚಿದರೆ? ಭಿತ್ತಿಪತ್ರದಲ್ಲಿ ಸಾಂಡರ್ಸ್ ಹೆಸರು ಇದೆಯೆಂದ ಮೇಲೆ ಅವರನ್ನೇ ಗುರಿಯಾಗಿಸಿಕೊಂಡಿದ್ದೆವೆಂಬ ಭಾವನೆ ಬರುವಂತೆ ಬರೆದಂತಾಯಿತಲ್ಲವೆ?


ಹಳೆಕಡತ:

ಮೊದಲೇ ಬರೆದಿಟ್ಟಿದ್ದ ಭಿತ್ತಿಪತ್ರದಲ್ಲಿ ಸ್ಕಾಟನ ಹೆಸರಿತ್ತು, ಅದನ್ನು ಬದಲಿಸಿ ಸಾಂಡರ್ಸ್ ಎಂದು ಬರೆದರು ಎಂದು ಹಲವು ನಿರೂಪಣೆಗಳು ಹೇಳುತ್ತವೆ. ಅಷ್ಟರಮಟ್ಟಿಗೆ ನಿಮ್ಮ ಅನುಮಾನ ಸರಿ. ಆದರೆ ಆ ಕಾಗದವನ್ನು ಪೂರ್ತಿ ಓದಿದರೆ ಅದು ಬರಿಯ ಮರೆಮಾಚುವಿಕೆಯಲ್ಲ ಎನಿಸುತ್ತದೆ.

ಭಗತ್ ಸಿಂಗ್, ಆಜಾದರ ಸಂಘಟನೆಯಾದ ಹಿಂದೂಸ್ತಾನ್ ಸೋಷಲಿಸ್ಟ್ ರಿಪಬ್ಲಿಕನ್ ಸೇನೆಯ ಹೆಸರಿನಲ್ಲಿ, ‘ಬಲರಾಜ್’ ಎಂಬ ಗುಪ್ತನಾಮದ ಸಹಿಯೊಂದಿಗೆ ಹೊರಬಿದ್ದ ಆ ಪತ್ರ ಮೊದಲು ಗೆಲುವಿನ ದನಿಯಲ್ಲಿ ಮಾತನಾಡುತ್ತದೆ. ಕೋಟ್ಯಂತರ ಜನರ ಗೌರವಕ್ಕೆ ಪಾತ್ರರಾದ ನಾಯಕನ ಮೇಲೆ ಸಾಮಾನ್ಯ ಪೊಲೀಸ್ ಅಧಿಕಾರಿಯೊಬ್ಬ ಕೈ ಮಾಡಿದ್ದು ದೇಶಕ್ಕೇ ಆದ ಅವಮಾನ ಎನ್ನುತ್ತದೆ. ಬಳಿಕ ದನಿ ತಗ್ಗುತ್ತದೆ. ಒಬ್ಬ ಮನುಷ್ಯ ಸತ್ತುದಕ್ಕೆ ತಮಗೆ ವಿಷಾದವಿದೆ, ಆದರೆ ಅವನೊಂದಿಗೆ ಕ್ರೂರವೂ ನೀಚವೂ ಆದ ಒಂದು ವ್ಯವಸ್ಥೆಯ ಪ್ರತಿನಿಧಿ ಸತ್ತಿದ್ದಾನೆ ಎಂಬ ಆಶಯದ ಸಾಲುಗಳು ಅಲ್ಲಿವೆ. ‘ಮನುಷ್ಯ’ ಮತ್ತು ‘ಪ್ರತಿನಿಧಿ’ ಎಂದು ಒಬ್ಬನೇ ವ್ಯಕ್ತಿಯನ್ನು ಎರಡಾಗಿ ಸೀಳಿದ ಈ ವಾದದಲ್ಲಿ ಸ್ಕಾಟನೋ ಸಾಂಡರ್ಸನೋ ಎಂಬ ಪ್ರಶ್ನೆಗೆ ಬೆಲೆಯೇ ಉಳಿಯುವುದಿಲ್ಲ. ಇಬ್ಬರ ಸಮವಸ್ತ್ರವೂ ಒಂದೇ. ಆಳು ತಪ್ಪಿದ ಮೇಲೆ ಉಳಿದ ಏಕೈಕ ಸಮರ್ಥನೆ ಅದಾಗಿತ್ತು ಎಂದು ನೀವು ಹೇಳಬಹುದು. ಮೊದಲಿನಿಂದಲೂ ಅವರ ನಂಬಿಕೆ ಅದೇ ಆಗಿತ್ತು ಎಂದು ಇನ್ನೊಬ್ಬರು ಹೇಳಬಹುದು. ನನಗೆ ಎರಡೂ ಏಕಕಾಲಕ್ಕೆ ನಿಜವೆನಿಸುತ್ತದೆ.

ಆಳು ತಪ್ಪುವುದು ಆ ಕಾಲದ ಹೋರಾಟದಲ್ಲಿ ಅಪರೂಪವೇನಲ್ಲ. 1908ರ ಏಪ್ರಿಲ್ 30ರಂದು ಮುಜಫ್ಫರಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ಬಾಂಬ್ ಎಸೆದದ್ದು ನ್ಯಾಯಾಧೀಶ ಕಿಂಗ್ಸ್‌ಫರ್ಡ್ ಬಂಡಿಯೆಂದು. ಸತ್ತವರು ಕೆನಡಿ ಎಂಬ ವಕೀಲರ ಹೆಂಡತಿ ಮತ್ತು ಮಗಳು. 1924ರ ಜನವರಿ 12ರಂದು ಕಲ್ಕತ್ತಾದಲ್ಲಿ ಗೋಪಿನಾಥ ಸಾಹಾ ಗುಂಡು ಹಾರಿಸಿದ್ದು ಪೊಲೀಸ್ ಕಮಿಷನರ್ ಚಾರ್ಲ್ಸ್ ಟೆಗಾರ್ಟ್ ಎಂದುಕೊಂಡು. ಸತ್ತವರು ಅರ್ನೆಸ್ಟ್ ಡೇ ಎಂಬ, ಪೊಲೀಸ್ ಇಲಾಖೆಗೆ ಸಂಬಂಧವೇ ಇಲ್ಲದ ವ್ಯಕ್ತಿ. ಫೋಟೋ ಸುಲಭವಾಗಿ ಸಿಗದ ಕಾಲದಲ್ಲಿ, ದೂರದಿಂದ ನೋಡಿದ ಟೋಪಿ, ಬಣ್ಣ, ಮೈಕಟ್ಟನ್ನು ನಂಬಿಕೊಂಡು ಪಿಸ್ತೂಲು ಎತ್ತಿದಾಗ ಹೀಗಾಗುತ್ತಿತ್ತು. ಈ ಮೂರರಲ್ಲಿ ಸಾಂಡರ್ಸ್ ಪ್ರಕರಣವನ್ನು ಬೇರೆಯಾಗಿಸುವ ಅಂಶವೆಂದರೆ, ತಪ್ಪಿ ಸತ್ತವನೂ ಅದೇ ಇಲಾಖೆಯವನಾಗಿದ್ದರಿಂದ ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಆಗಿನ ಭಾರತವೂ ಒಂದೇ ದನಿಯಲ್ಲಿ ಚಪ್ಪಾಳೆ ತಟ್ಟಲಿಲ್ಲ. ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಈ ಕೊಲೆಯನ್ನು ಹೇಡಿತನದ ಕೃತ್ಯವೆಂದು ಖಂಡಿಸಿದರು. ಭಗತ್ ಸಿಂಗ್ ಜನಪ್ರಿಯರಾದದ್ದು ಕೊಲೆಯಿಂದಲ್ಲ, ಲಾಲಾಜಿಯ ಮೂಲಕ ದೇಶದ ಮಾನವನ್ನು ಎತ್ತಿ ಹಿಡಿದಂತೆ ಕಂಡಿದ್ದರಿಂದ ಎಂಬುದು ನೆಹರೂ ತಮ್ಮ ಆತ್ಮಕಥೆಯಲ್ಲಿ ಕೊಟ್ಟ ವಿವರಣೆ.


ನೇರನುಡಿ:

ಚರ್ಚೆ ಓದಿದೆ. ವಿವರಗಳ ಬಗ್ಗೆ ತಕರಾರಿಲ್ಲ, ತಕ್ಕಡಿಯ ಬಗ್ಗೆ ಇದೆ. 21 ವರ್ಷದ ಹುಡುಗ, ಪ್ರೊಬೇಷನ್, ಎಂಟು ಗಾಯ ಎಂದೆಲ್ಲ ಹತ್ತಿರದಿಂದ ತೋರಿಸಿದರೆ ಯಾರ ಕರುಳಾದರೂ ಚುರ್ ಎನ್ನುತ್ತದೆ. ಅದೇ ಹತ್ತಿರದಿಂದ ಉಳಿದವರನ್ನೂ ತೋರಿಸಬೇಕಲ್ಲವೆ? ಗಲ್ಲಿಗೇರಿದಾಗ ಭಗತ್ ಸಿಂಗ್ ಅವರಿಗೆ 23 ವರ್ಷ, ರಾಜಗುರು ಅವರಿಗೆ 22. ಸುಖದೇವ್ ಅವರಿಗೆ 23. ಗುಂಡು ಹಾರಿದ ಜಾಗದಲ್ಲಿ ಅವರು ಇರಲೂ ಇಲ್ಲ, ಒಳಸಂಚಿನ ರೂವಾರಿಯೆಂಬ ಕಾರಣಕ್ಕೆ ಕುಣಿಕೆ ಬಿತ್ತು.

ಇನ್ನೂ ಒಂದು ಮಾತು. ಅಸೆಂಬ್ಲಿಯಲ್ಲಿ ಬಾಂಬ್ ಎಸೆದುದಕ್ಕೆ ಗಲ್ಲಾಯಿತೆಂದು ಈಗಲೂ ಅನೇಕರು ನಂಬಿದ್ದಾರೆ. 1929ರ ಏಪ್ರಿಲ್ 8ರ ಆ ಪ್ರಕರಣದಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರಿಗೆ ಆದದ್ದು ಜೀವಾವಧಿ ಗಡಿಪಾರು. ಗಲ್ಲು ಬಂದದ್ದು ಸಾಂಡರ್ಸ್ ಕೊಲೆಯ ಲಾಹೋರ್ ಒಳಸಂಚು ಮೊಕದ್ದಮೆಯಲ್ಲಿ. ಆ ಮೊಕದ್ದಮೆ ನಡೆದ ರೀತಿಯನ್ನು ಹೇಳದೆ ಸಾಂಡರ್ಸ್ ಅವರ ಸಾವಿನ ಕಥೆ ಪೂರ್ತಿಯಾಗದು. ಜೈಲಿನ ಉಪವಾಸದಲ್ಲಿ ಜತಿನ್ ದಾಸ್ 63 ದಿನ ಅನ್ನ ಬಿಟ್ಟು 1929ರ ಸೆಪ್ಟೆಂಬರ್ 13ರಂದು ಪ್ರಾಣ ಬಿಟ್ಟರು. ಮಾಫಿ ಸಾಕ್ಷಿಯಾಗಿ ಕಟಕಟೆ ಏರಿದ ಜೈಗೋಪಾಲನ ಮೇಲೆ ಆರೋಪಿಗಳಲ್ಲೇ ಕಿರಿಯನಾದ ಪ್ರೇಮದತ್ತ ಚಪ್ಪಲಿ ಎಸೆದ; ಆಮೇಲೆ ಎಲ್ಲ ಆರೋಪಿಗಳಿಗೂ ನ್ಯಾಯಾಲಯದೊಳಗೇ ಕೋಳ ತೊಡಿಸುವ ಆಜ್ಞೆಯಾಯಿತು. ಮಾಮೂಲು ನ್ಯಾಯಾಲಯದಲ್ಲಿ ಬೇಗ ಮುಗಿಯದೆಂದು ವೈಸ್‌ರಾಯ್ ಇರ್ವಿನ್ 1930ರ ಮೇ 1ರಂದು ಸುಗ್ರೀವಾಜ್ಞೆ ಹೊರಡಿಸಿ ಮೂವರು ನ್ಯಾಯಾಧೀಶರ ವಿಶೇಷ ಟ್ರಿಬ್ಯೂನಲ್ ರಚಿಸಿದರು. ಹೈಕೋರ್ಟಿಗೆ ಮೇಲ್ಮನವಿ ಇಲ್ಲ, ಆರೋಪಿಗಳು ಹಾಜರಿಲ್ಲದಿದ್ದರೂ ವಿಚಾರಣೆ ನಿಲ್ಲುವುದಿಲ್ಲ. ಅಕ್ಟೋಬರ್ 7ಕ್ಕೆ ತೀರ್ಪು, 1931ರ ಫೆಬ್ರವರಿಯಲ್ಲಿ ಲಂಡನ್ನಿನ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್‌ನಿಂದ ನಿರಾಕರಣೆ, ಮಾರ್ಚ್ 23ರ ಸಂಜೆ ಲಾಹೋರ್ ಸೆಂಟ್ರಲ್ ಜೈಲು.

ಲಜಪತ ರಾಯ್ ಅವರ ಮೇಲೆ ಲಾಠಿ ಬೀಸಿದವರಿಗೆ ಯಾವ ಟ್ರಿಬ್ಯೂನಲ್ ರಚನೆಯಾಯಿತು? ಒಂದೂ ಇಲ್ಲ. ಸಾಂಡರ್ಸ್ ಬದುಕಿದ್ದರೆ ಅವರ ಮುಂದಿದ್ದ ದಾರಿ ಯಾವುದೆಂದು ತಿಳಿಯಬೇಕಾದರೆ ಜಾನ್ ನಾಟ್-ಬೋವರ್ ಅವರನ್ನು ನೋಡಿ. 1911ರಲ್ಲಿ ಇದೇ ಪೊಲೀಸ್ ಸೇವೆಗೆ ಸೇರಿ ಸಂಯುಕ್ತ ಪ್ರಾಂತ್ಯದಲ್ಲಿ ಇದ್ದವರು. 1931ರ ಫೆಬ್ರವರಿ 27ರಂದು ಅಲಹಾಬಾದಿನ ಆಲ್ಫ್ರೆಡ್ ಪಾರ್ಕಿನಲ್ಲಿ ಚಂದ್ರಶೇಖರ ಆಜಾದರನ್ನು ಸುತ್ತುವರಿದ ಪೊಲೀಸರ ಮುಂದಾಳು ಅವರೇ, ಗುಂಡಿನ ಗಾಯವನ್ನೂ ತಿಂದರು. ಮುಂದೆ ಇಂಗ್ಲೆಂಡಿಗೆ ಮರಳಿ 1953ರಿಂದ 1958ರವರೆಗೆ ಲಂಡನ್ ಮಹಾನಗರದ ಪೊಲೀಸ್ ಕಮಿಷನರ್ ಆಗಿ, ‘ಸರ್’ ಪದವಿ ಪಡೆದು ನಿವೃತ್ತರಾದರು. ಇಲ್ಲಿನ ಸೇವೆ ಅಲ್ಲಿನ ಮೆಟ್ಟಿಲು.

ಬಹುವಚನ ಬಳಸಿ, ಅಡ್ಡಿಯಿಲ್ಲ. ಆದರೆ ಬಹುವಚನ ಕೊಟ್ಟ ಕೂಡಲೇ ನ್ಯಾಯ ಒದಗಿಸಿದೆವೆಂದು ಭಾವಿಸಬೇಡಿ.


ದಫೇದಾರರ ಮೊಮ್ಮಗ:

ನೇರನುಡಿಯವರ ಮಾತನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಲಂಡನ್ ಕಮಿಷನರ್ ಆಗುವ ಏಣಿ ಸಾಂಡರ್ಸ್ ಅವರ ಎದುರಿಗಿತ್ತು, ಚನನ್ ಸಿಂಗ್ ಅವರ ಎದುರಿಗಿರಲಿಲ್ಲ. ತಕ್ಕಡಿ ಹಿಡಿಯುವಾಗ ಈ ಎರಡು ಹೆಣಗಳನ್ನು ಒಂದೇ ತಟ್ಟೆಯಲ್ಲಿ ಹಾಕಬಾರದು.


ಹಳೆಕಡತ:

ಕೊನೆಯದಾಗಿ, ಭಾಷಣದಲ್ಲಿ ಕೇಳುಗರ ಕಿವಿ ನಿಮಿರಿಸುವಂಥ ಎರಡು ವಸ್ತುಗಳನ್ನು ಸೂಚಿಸುತ್ತೇನೆ.

ಒಂದು, ಪೊಲೀಸರ ಪ್ರಥಮ ವರ್ತಮಾನ ವರದಿ. ಲಾಹೋರಿನ ಅನಾರ್ಕಲಿ ಠಾಣೆಯಲ್ಲಿ 1928ರ ಡಿಸೆಂಬರ್ 17ರ ಸಂಜೆ ನಾಲ್ಕೂವರೆಗೆ ಉರ್ದುವಿನಲ್ಲಿ ದಾಖಲಾದ ಆ ಕಾಗದದ ಪ್ರತಿ, ನ್ಯಾಯಾಲಯದ ಆದೇಶದಂತೆ 2014ರಲ್ಲಿ ಹೊರಬಂದಿತು. ಅದರಲ್ಲಿ ಭಗತ್ ಸಿಂಗ್ ಎಂಬ ಹೆಸರೇ ಇಲ್ಲ. ಇರುವುದು ‘ಇಬ್ಬರು ಅಪರಿಚಿತ ಬಂದೂಕುಧಾರಿಗಳು’. ದೂರು ಕೊಟ್ಟ ಪೊಲೀಸ್ ನೌಕರ ತಾನು ಬೆನ್ನಟ್ಟಿದವನ ಚಹರೆಯನ್ನು ಹೀಗೆ ಬರೆಸಿದ್ದಾನೆ: ಐದು ಅಡಿ ಐದು ಅಂಗುಲ ಎತ್ತರ, ಹಿಂದೂ ಮುಖ, ಸಣ್ಣ ಮೀಸೆ, ತೆಳ್ಳಗಾದರೂ ಗಟ್ಟಿ ಮೈಕಟ್ಟು, ಬಿಳಿ ಪೈಜಾಮ, ಬೂದು ಬಣ್ಣದ ಕುರ್ತಾ, ತಲೆಯ ಮೇಲೆ ಚಿಕ್ಕ ಕಪ್ಪು ಹ್ಯಾಟು. ಮುಂದೆ ಪ್ರತಿಮೆಯಾಗಿ, ಕ್ಯಾಲೆಂಡರ್ ಚಿತ್ರವಾಗಿ ಮನೆಮನೆಗೆ ಬರಲಿರುವ ಕಥೆ ಆ ಗಳಿಗೆಯಲ್ಲಿ ಠಾಣೆಯ ರಿಜಿಸ್ಟರಿನಲ್ಲಿ ಇಷ್ಟೇ ಆಗಿತ್ತು.

ಎರಡು, ಪಿಸ್ತೂಲು. ಸಾಂಡರ್ಸ್ ಕೊಲೆಯಲ್ಲಿ ಬಳಕೆಯಾದ .32 ಬೋರಿನ ಕೋಲ್ಟ್ ಆಟೋಮ್ಯಾಟಿಕ್ ಹಲವು ದಶಕಗಳ ಕಾಲ ಇಂದೋರಿನಲ್ಲಿರುವ ಗಡಿ ಭದ್ರತಾ ಪಡೆಯ ಸಂಗ್ರಹಾಲಯದಲ್ಲಿ ಇತರ ಹಳೆಯ ಆಯುಧಗಳ ನಡುವೆ ಗುರುತಿಲ್ಲದೆ ಕುಳಿತಿತ್ತು. ಮೇಲೆ ಬಳಿದಿದ್ದ ಬಣ್ಣವನ್ನು ಕೆರೆದು ಸಂಖ್ಯೆ ಓದಿದಾಗ ಅದು ದಾಖಲೆಯೊಂದಿಗೆ ತಾಳೆಯಾಯಿತು. 2017ರಲ್ಲಿ ಅದನ್ನು ಭಗತ್ ಸಿಂಗ್ ಸ್ಮಾರಕವಿರುವ ಪಂಜಾಬಿನ ಹುಸೇನಿವಾಲಾಕ್ಕೆ ಕೊಂಡೊಯ್ದರು.

ಗುಂಡು ಹಾರಿದ ಜಾಗದ ಎದುರಿಗಿದ್ದ ಡಿ.ಎ.ವಿ. ಕಾಲೇಜಿನ ಕಟ್ಟಡ ಈಗಲೂ ಇದೆ. ವಿಭಜನೆಯ ನಂತರ ಅದು ಸಿವಿಲ್ ಲೈನ್ಸ್‌ನ ಇಸ್ಲಾಮಿಯಾ ಕಾಲೇಜಾಗಿದೆ.


ಪುಟದಂಚು:

ತುಂಬ ಉಪಕಾರವಾಯಿತು. ಅರ್ಧ ಗಂಟೆಯ ಮಾತನ್ನು ಠಾಣೆಯ ಆ ರಿಜಿಸ್ಟರಿನಿಂದಲೇ ಶುರು ಮಾಡಬೇಕೆಂದುಕೊಂಡಿದ್ದೇನೆ. ಚನನ್ ಸಿಂಗ್ ಅವರಿಗೆ ಅರ್ಧ ನಿಮಿಷವಲ್ಲ, ಎರಡು ನಿಮಿಷ ಇಟ್ಟಿದ್ದೇನೆ. ಜತಿನ್ ದಾಸರಿಗೂ ಅಷ್ಟೇ. ಸಾಂಡರ್ಸ್ ‘ಅವರು’ ಎಂದೇ ಹೇಳುತ್ತೇನೆ. ಭಗತ್ ಸಿಂಗ್ ಅವರಿಗೆ ಮಾತ್ರ ನನ್ನ ಬಾಯಲ್ಲಿ ಬಹುವಚನ ನಿಲ್ಲುತ್ತಿಲ್ಲ. ನಿನ್ನೆ ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡುವಾಗ ಮೂರು ಸಲ ‘ಅವನು’ ಎಂದು ಜಾರಿತು.